ಎಡಗಡೆಯ ಸೀಟು

ನನ್ನ ಕಾರಿನಲ್ಲಿರುವುದು ಎರಡೇ ಸೀಟು. ಬಲಗಡೆಯದರಲ್ಲಿ ನಾನು ಕೂರುತ್ತೇನೆ, ಎಡಗಡೆಯದರಲ್ಲಿ ನನ್ನ ಊಟದ ಪಾರ್ಸಲ್ ಕೂರುತ್ತದೆ. ಜರ್ಮನಿಯ ಕಾರು, ಮಹಾ ಬುದ್ಧಿವಂತ, ಆದರೆ ಅನ್ನ ಸಾಂಬಾರಿನ ಡಬ್ಬಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಎಡಗಡೆ ಸ್ವಲ್ಪ ತೂಕ ಬಿದ್ದರೆ ಸಾಕು, ಯಾರೋ ಬಂದು ಕೂತಿದ್ದಾರೆ, ಬೆಲ್ಟ್ ಹಾಕಿಸು ಎಂದು ಟಿಣ್ ಟಿಣ್ ಸದ್ದು ಮಾಡಿ ತಲೆ ತಿನ್ನುತ್ತದೆ. ಮೊದಮೊದಲು ಪಾರ್ಸಲನ್ನು ಕೆಳಗೆ, ಕಾಲಿಡುವ ಜಾಗದಲ್ಲಿ ಇಡುತ್ತಿದ್ದೆ. ಒಂದು ದಿನ ಬ್ರೇಕ್ ಹಾಕಿದಾಗ ಸಾಂಬಾರೆಲ್ಲ ಮ್ಯಾಟಿನ ಪಾಲಾಯಿತು. ಅಂದಿನಿಂದ ಸೀಟಿನ ಮೇಲೆಯೇ ಇಟ್ಟು ಅದಕ್ಕೂ ಬೆಲ್ಟ್ ಹಾಕುತ್ತೇನೆ. ಸಿಗ್ನಲ್‌ನಲ್ಲಿ ಪಕ್ಕದ ರಿಕ್ಷಾದವರು ಬಗ್ಗಿ ನೋಡಿ ಹಲ್ಲು ಕಿರಿಯುತ್ತಾರೆ. ಕಿರಿಯಲಿ, ಅವರ ಹಲ್ಲು.

ನನ್ನ ಹೆಸರು ಪ್ರೀತಮ್. ಮುಂಬಯಿಯ ಸಯನ್ ಸ್ಟೇಷನ್ನಿನಲ್ಲಿ ಇಳಿದು ಎರಡು ತಿರುವು ದಾಟಿದರೆ ಸಿಗುವ ಹೋಟೆಲು ನಮ್ಮದು. ಉಡುಪಿ ಕಡೆಯಿಂದ ಬಂದ ಅಪ್ಪ ಚೆನ್ನಯ ಪೂಜಾರಿ ಕಟ್ಟಿ ಬೆಳೆಸಿದ್ದು. ನಾನು ಬೆಳಗ್ಗಿನಿಂದ ಗಲ್ಲೆಯಲ್ಲಿ, ಅಂದರೆ ದುಡ್ಡು ತೆಗೆದುಕೊಳ್ಳುವ ಕೌಂಟರಿನಲ್ಲಿ, ಕೂರುತ್ತೇನೆ. ಗಲ್ಲೆಯಲ್ಲಿ ಕೂತವನಿಗೆ ಜನರ ಬರಗಾಲವಿಲ್ಲ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಒಮ್ಮೆ ಕೂತು ನೋಡಬೇಕು. ಹೋಟೆಲಿಗೆ ಬಂದವರು ಯಾರೂ ಗಲ್ಲೆಗೆ ಬರುವುದಿಲ್ಲ. ಹೊರಡುವವರು ಮಾತ್ರ ಬರುತ್ತಾರೆ. ಬಾಯಿಗೆ ಬಡೀಸೋಪು ಹಾಕಿಕೊಂಡು, ಹಲ್ಲುಕಡ್ಡಿ ಎತ್ತಿಕೊಂಡು, ಫೋನು ತೋರಿಸಿ, ನಾನು ತಲೆಯಾಡಿಸುವ ಮೊದಲೇ ಮೆಟ್ಟಿಲಿಳಿದಿರುತ್ತಾರೆ. ವರ್ಷಗಟ್ಟಲೆ ನಾನು ನೋಡಿರುವುದು ಜನರ ಬೆನ್ನುಗಳನ್ನೇ.

ಹೆಂಡತಿ ನಮಿತಾ ನನ್ನಿಂದ ಬೇರೆಯಾಗಿ ಅಂಧೇರಿಯಲ್ಲಿದ್ದಾಳೆ. ಜಗಳ ರಂಪ ಏನೂ ಆಗಲಿಲ್ಲ. ಆಗಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ಮಗಳು ಪ್ರಣೀತಾ ಅವಳ ಜೊತೆಗಿದ್ದಾಳೆ. ಕಾರು ತಂದ ಹೊಸತರಲ್ಲಿ ಅವಳನ್ನು ಒಂದು ಸಲ ಅಂಧೇರಿಯಿಂದ ಸಯನ್‌ಗೆ ಕರೆತಂದೆ. ದಾರಿಯುದ್ದಕ್ಕೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಇಳಿಯುವಾಗ, "ಕಾರು ಮಸ್ತ್ ಉಂಟು ಪಪ್ಪಾ, ಬಟ್ ಥೋಡಾ ಲೌಡ್ ಹೈ ನಾ?" ಎಂದಳು. ಅವಳ ಕನ್ನಡ ಅಷ್ಟೇ. ಆ ಮೇಲೆ ಆ ಸೀಟು ಪಾರ್ಸಲಿಗೇ ಮೀಸಲಾಯಿತು.

ಐವತ್ತರ ಹತ್ತಿರ ಬಂದವನು ಎರಡು ಸೀಟಿನ ಟರ್ಬೊ ಕಾರು ಯಾಕೆ ಕೊಂಡ ಎಂದು ಹೋಟೆಲ್ ಮಾಲೀಕರ ಅಸೋಸಿಯೇಷನ್ನಿನ ಮೀಟಿಂಗ್‌ಗಳಲ್ಲಿ ಬೇಕಾದಷ್ಟು ತಮಾಷೆ ನಡೆಯಿತು. ನಾನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಹಟ ಹಿಡಿದವನಂತೆ ಅದರ ಶಕ್ತಿ ಇನ್ನೂ ಹೆಚ್ಚಿಸಲು ಹೊರಟೆ. ಈಗಿನ ಕಾರುಗಳ ಎಂಜಿನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಯಾವಾಗ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಎಂದು ಹುಕುಂ ಕೊಡುವುದು ಅದೇ. ಆ ಹುಕುಮುಗಳನ್ನು ತಿದ್ದಿ ಬರೆದು, ಬೇಕಾದ ಬಿಡಿಭಾಗ ಬದಲಿಸಿ, ಕುದುರೆಯಂಥ ಕಾರನ್ನು ಇನ್ನಷ್ಟು ಓಡಿಸುವವನಿಗೆ ಟ್ಯೂನರ್ ಎನ್ನುತ್ತಾರೆ. ಮುಂಬಯಿಯಲ್ಲಿ ಅಂಥವರು ಕೆಲವರಿದ್ದಾರೆ. ಬೈಕುಲ್ಲಾದ ಸುಭಾಷನ ಬಳಿಗೆ ಹೋಗು, ಆದರೆ ಅವನ ಬಾಯಿ ಸರಿಯಿಲ್ಲ ಎಂದು ಒಬ್ಬರು ಹೇಳಿದರು. ನನ್ನದೇನು ಸರಿಯಿದೆಯೇ ಎಂದುಕೊಂಡು ಹೋದೆ.

ಹಳೆಯ ಮಿಲ್ಲಿನ ಗೋದಾಮೊಂದನ್ನು ಸುಭಾಷ ವರ್ಕ್‌ಶಾಪ್ ಮಾಡಿಕೊಂಡಿದ್ದ. ಹೊರಗೆ ಈರುಳ್ಳಿ ಟೆಂಪೊಗಳ ಸಾಲು, ಒಳಗೆ ಬಾಯಿ ತೆರೆದು ನಿಂತ ದುಬಾರಿ ಕಾರುಗಳ ಸಾಲು. ಅವನ ಅಪ್ಪ ಅಮ್ಮ ವಿಜಯಪುರದ ಕಡೆಯವರು, ಅವನು ಹುಟ್ಟಿದ್ದು ಬೈಕುಲ್ಲಾದ ಚಾಳಿನ ಒಂಟಿ ಕೋಣೆಯಲ್ಲಿ. ಎಂಜಿನಿಯರಿಂಗ್ ಓದಿ, ಹೊರದೇಶದಲ್ಲೂ ಸ್ವಲ್ಪ ಕಾಲ ಕೆಲಸ ಕಲಿತು ಬಂದಿದ್ದನಂತೆ. ನಾನು ಹಿಂದಿಯಲ್ಲಿ ಶುರುಮಾಡಿದೆ. ಫೋನಿನಲ್ಲಿ ಹೋಟೆಲಿನ ಮಾಣಿ ಐತನ ಜೊತೆ ನಾನು ಕನ್ನಡದಲ್ಲಿ ರೇಗಾಡಿದ್ದು ಕೇಳಿಸಿಕೊಂಡ ಮೇಲೆ ಅವನೇ ಕನ್ನಡಕ್ಕೆ ಬಂದ.

"ಏನ್ ಮಾಡಸ್ಬೇಕ್ರಿ ಸೇಠ್ರ?"

"ಪವರ್ ಜಾಸ್ತಿ ಮಾಡಬೇಕು."

"ಯಾಕ ಬೇಕ್ರಿ ನಿಮಗ?"

ನನಗೆ ಸಿಟ್ಟು ಬಂತು. "ಎಂತ ಪ್ರಶ್ನೆ ಮಾರಾಯ ಇದು? ನನ್ನ ಹೋಟೆಲಿಗೆ ಬಂದು ಮಸಾಲೆ ದೋಸೆ ಕೇಳಿದವನಿಗೆ ನಾನು ಯಾಕೆ ಬೇಕು ಅಂತ ಕೇಳ್ತೇನಾ?"

"ದ್ವಾಸಿ ತಿಂದು ಯಾರೂ ಗ್ವಾಡಿಗೆ ಹೋಗಿ ಗುದ್ದಂಗಿಲ್ಲಲ್ರಿ," ಎಂದ ಸುಭಾಷ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಯಾಕ ಬೇಕು ಅಂತ ಗೊತ್ತಾದ್ರ ಯಾವ ನಮೂನಿ ಮಾಡ್ಬೇಕು ಅಂತ ನನಗ ಗೊತ್ತಾಗತೈತಿ."

"ರೇಸ್ ಟ್ರ್ಯಾಕ್ ಮೇಲೆ ಓಡಿಸಬೇಕು," ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಅವನು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಬಾನೆಟ್ ಎತ್ತಿದ.

ಕೆಲಸ ಮಾತ್ರ ಅವನದು ಶುದ್ಧ. ಒಳಗಿನ ಪೈಪುಗಳನ್ನು ಬಿಚ್ಚಿ, ದಪ್ಪನೆಯ ಹೊಸ ಪೈಪು ಹಾಕಿದ. ಗಾಳಿಯನ್ನು ತಣ್ಣಗೆ ಮಾಡುವ ದೊಡ್ಡದೊಂದು ಜಾಲರಿಯನ್ನು ಬಂಪರಿನ ಹಿಂದೆ ಕೂರಿಸಿದ. ಟರ್ಬೊ ಎಂದರೇನು ಎಂದು ನನಗೆ ತಿಳಿದದ್ದು ಅವನಿಂದಲೇ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಹೊಸ ಗಾಳಿಯನ್ನು ಒಳಗೆ ನೂಕುತ್ತದೆ. ಆದ್ದರಿಂದಲೇ ಪೆಡಲ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಹೊಗೆ ಹೋಗಬೇಕು, ಚಕ್ರ ತಿರುಗಬೇಕು, ಗಾಳಿ ಬರಬೇಕು. "ಒತ್ತಿ ಒಂದು ಗಳಿಗಿ ಕಾಯ್ಬೇಕ್ರಿ," ಎಂದ ಸುಭಾಷ. "ಆ ತಡ ಪೂರಾ ಹೋಗಂಗಿಲ್ಲ, ಎಷ್ಟ್ ಖರ್ಚ್ ಮಾಡಿದ್ರೂ."

ಬೇರೆ ಟ್ಯೂನರುಗಳು ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಚಕ್ರ ತಿರುಗಿಸಿ, ಲೆಕ್ಕ ಹಾಕಿ ಕೀಲಿ ಕೊಟ್ಟು ಕಳಿಸುತ್ತಾರೆ. ಸುಭಾಷನ ಪದ್ಧತಿ ಬೇರೆ. ರೋಲರಿನ ಕೆಲಸ ಮುಗಿದ ಮೇಲೆ ಕಾರನ್ನು ರಸ್ತೆಗೇ ಒಯ್ಯಬೇಕು. ಮಾಲೀಕನೇ ಓಡಿಸಬೇಕು. ಸುಭಾಷ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದರ ಕೇಬಲನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ, ಎಂಜಿನ್ನು ಏನು ಹೇಳುತ್ತದೆಯೋ ನೋಡುತ್ತಾ ತಿದ್ದುತ್ತಾನೆ. ಒಬ್ಬೊಬ್ಬರ ಕಾಲು ಒಂದೊಂದು ನಮೂನೆ ಎಂಬುದು ಅವನ ವಾದ. ಮಾಲೀಕ ತನ್ನ ಬಾಯಾರೆ "ಸರಿಯಾಯ್ತು" ಎನ್ನುವ ತನಕ ಪ್ರತಿ ಭಾನುವಾರ ಬರುತ್ತಾನೆ. ಹಾಗೆಂದ ದಿನ ಪೆಟ್ರೋಲ್ ಮುಚ್ಚಳದ ಒಳಗೆ ತನ್ನ ಗ್ಯಾರೇಜಿನ ಕಪ್ಪು ಸ್ಟಿಕರೊಂದನ್ನು ಅಂಟಿಸುತ್ತಾನೆ. ಸ್ಟಿಕರ್ ಬಿತ್ತೆಂದರೆ ಆ ಕಾರಿಗೂ ಅವನಿಗೂ ಸಂಬಂಧ ಮುಗಿಯಿತು.

ಮೊದಲ ಭಾನುವಾರ ಬೆಳಗ್ಗೆ ಅವನನ್ನು ಬೈಕುಲ್ಲಾದಲ್ಲಿ ಹತ್ತಿಸಿಕೊಂಡೆ. ಅವನು ಕೂತ ಕೂಡಲೇ ಟಿಣ್ ಟಿಣ್ ಎಂದಿತು. ನನ್ನ ಕೈ ಅಭ್ಯಾಸಬಲದಿಂದ ಎಡಗಡೆಯ ಬೆಲ್ಟಿಗೆ ಹೋಯಿತು. ಅಷ್ಟರಲ್ಲಿ ಸುಭಾಷನೇ ಬೆಲ್ಟ್ ಎಳೆದು ಹಾಕಿಕೊಂಡ. ಸದ್ದು ತಾನಾಗಿ ನಿಂತಿತು. ಇದು ಹೇಳಿಕೊಳ್ಳುವಂಥ ಸಂಗತಿಯಲ್ಲ, ಆದರೆ ಗಿಯರ್ ಹಾಕುವುದನ್ನೇ ನಾನು ಮರೆತೆ.

ಶಿವಡಿಯಿಂದ ಸಮುದ್ರದ ಮೇಲಿನ ಉದ್ದನೆಯ ಸೇತುವೆ ದಾಟಿ ಉಲ್ವೆಯ ಕಡೆ ಇಳಿದೆವು. ಅಲ್ಲಿ ರಸ್ತೆಗಳು ಬಂದಿವೆ, ಜನ ಇನ್ನೂ ಪೂರ್ತಿ ಬಂದಿಲ್ಲ. ಅರ್ಧ ಕಟ್ಟಿದ ಟವರುಗಳ ನಡುವೆ ಅಗಲವಾದ ಖಾಲಿ ರಸ್ತೆ.

"ಎರಡನೇ ಗಿಯರ್," ಎಂದ ಸುಭಾಷ. "ಹಿಡೀರಿ. ಪೂರ್ತಿ ಒತ್ರಿ. ಒತ್ರಿ, ಒತ್ರಿ. ಬಿಡ್ರಿ."

ಕಾರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಬೆನ್ನಿಗೆ ಗುದ್ದಿದಂತೆ ಹಾರಿತು. ಅವನ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಕೇಬಲು ನನ್ನ ಎಡ ಮೊಣಕಾಲಿಗೆ ತಾಗುತ್ತಿತ್ತು. "ತಿರುಗಿಸಿ ತರ್ರಿ. ಮತ್ತೊಮ್ಮೆ." ಊರಿಗೆಲ್ಲ ಹುಕುಂ ಮಾಡುವ ನಾನು ಅವನ ಹುಕುಮಿಗೆ ಶಾಲೆಯ ಹುಡುಗನಂತೆ ತಲೆಬಾಗಿದೆ. ನನಗೆ ಖುಷಿಯಾಯಿತು. ಖುಷಿ ಕಾರಿನ ವೇಗದ್ದಲ್ಲ. ನಾನು ಮಾಡುವುದನ್ನು ಒಬ್ಬ ಮನುಷ್ಯ ಪಕ್ಕದಲ್ಲಿ ಕೂತು ಅಷ್ಟು ಗಮನವಿಟ್ಟು ನೋಡುತ್ತಿದ್ದನಲ್ಲ, ಅದರದ್ದು.

ಕೆಲಸ ಮುಗಿದ ಮೇಲೆ ಕಾರಿನ ತಲೆಯ ಮೇಲೆ ಪಾರ್ಸಲ್ ಬಿಚ್ಚಿ ಇಡ್ಲಿ, ಗೋಳಿಬಜೆ ತಿಂದೆವು. ಚಟ್ನಿ ಚೆನ್ನಾಗಿದೆ ಎಂದ. ಮನೆಯಲ್ಲಿ ಹೆಂಡತಿ ಶಿವಕುಮಾರಿ ಬಸುರಿ, ಏನು ತಿಂದರೂ ನಿಲ್ಲುವುದಿಲ್ಲ, ಈ ಚಟ್ನಿ ಮಾತ್ರ ಒಗ್ಗಬಹುದು ಎಂದ. ನಾನು ಇನ್ನೊಂದು ಪೊಟ್ಟಣ ಕಟ್ಟಿಕೊಟ್ಟೆ. ಇಬ್ಬರೂ ಒಂದೇ ಕಡೆ ನೋಡುತ್ತಾ ತಿಂದೆವು.

"ಹೆಂಗನಸ್ತೈತ್ರಿ ಗಾಡಿ?" ಎಂದು ಹೊರಡುವಾಗ ಕೇಳಿದ. ಕೆಳಗಿನ ವೇಗದಲ್ಲಿ ಸ್ವಲ್ಪ ತಡವರಿಸಿದಂತಾಗುತ್ತದೆ ಎಂದೆ. ಅದು ನಿಜವೇ. ಮುಂದಿನ ಭಾನುವಾರ ಅದನ್ನು ಸರಿಪಡಿಸಿದ. ಆಗ ಒಂದು ಪೈಪಿನ ಕ್ಲಿಪ್ಪು ಸಡಿಲವಾಗಿ ಸುಯ್ ಎಂದು ಗಾಳಿ ಸೋರತೊಡಗಿತು. ಅದೂ ನಿಜವೇ. ಅದರ ಮುಂದಿನ ಭಾನುವಾರ ಅದನ್ನೂ ಬಿಗಿದ. ಅಲ್ಲಿಗೆ ಕಾರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಓಡಿತು. ಸುಭಾಷ ಜೇಬಿಗೆ ಕೈಹಾಕಿದ. ಕಪ್ಪು ಸ್ಟಿಕರಿನ ತುದಿ ಕಂಡಿತು.

"ಸರಿಯಾಯ್ತಲ್ರಿ?"

"ಇಲ್ಲ," ಎಂದೆ. "ಎಡಗಡೆ ಎಂತದೋ ಸದ್ದು ಉಂಟು."

ಎಡಗಡೆ ಯಾವ ಸದ್ದೂ ಇರಲಿಲ್ಲ. ಸುಭಾಷ ಕಿವಿಗೊಟ್ಟು ಕೇಳಿದ. "ನನಗೇನು ಕೇಳವಲ್ದು. ಇರ್ಲಿ, ಮುಂದಿನ ರವಿವಾರ ನೋಡೂಣು," ಎಂದು ಸ್ಟಿಕರನ್ನು ಮತ್ತೆ ಜೇಬಿನೊಳಗೆ ತಳ್ಳಿದ. ಆ ಇಡೀ ವಾರ ಗಲ್ಲೆಯಲ್ಲಿ ಕೂತು ಮುಂದಿನ ಸಲ ಎಲ್ಲಿ ಸದ್ದು ಮಾಡಿಸುವುದು ಎಂದು ಯೋಚಿಸಿದೆ.

ಇಲ್ಲಿ ನೀಲಾವತಿ ಅಕ್ಕನ ವಿಷಯ ಹೇಳಬೇಕು. ಅವರು ನಮ್ಮ ಹಿಂದಿನ ಬಿಲ್ಡಿಂಗಿನಲ್ಲಿ ಒಬ್ಬರೇ ಇರುವ ಹೆಂಗಸು, ನರ್ಸ್ ಆಗಿದ್ದು ನಿವೃತ್ತರಾದವರು. ದಿನಾ ಸಂಜೆ ಬಂದು ಗೋಡೆಯ ಪಕ್ಕದ ಮೇಜಿನಲ್ಲಿ ಕೂತು ಒಂದು ಕಾಫಿ ಹೇಳುತ್ತಾರೆ. ಅಪ್ಪನ ಕಾಲದಿಂದ ನಮ್ಮಲ್ಲಿರುವ ಐತ ತಂದಿಡುತ್ತಾನೆ. ಅಕ್ಕ ಒಂದು ಗುಟುಕು ಹೀರುತ್ತಾರೆ, ಮುಖ ಸಿಂಡರಿಸುತ್ತಾರೆ.

"ಐತಾ, ಇದು ಬಿಸಿಯೇ ಇಲ್ಲ ಮಾರಾಯ. ಎಂತ ಕಾಫಿ ನಿಮ್ಮದು?"

ದಿನಾ ಇದೇ. ಐತ ಮರುಮಾತಿಲ್ಲದೆ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಾನೆ. ಒಂದು ದಿನ ನಾನು ಅವನ ಹಿಂದೆಯೇ ಅಡುಗೆಮನೆಗೆ ಹೋಗಿ ನೋಡಿದೆ. ಆಸಾಮಿ ಕಪ್ಪನ್ನು ಕಟ್ಟೆಯ ಮೇಲಿಟ್ಟ. ನೀರು ಕುಡಿದ. ಬೈರಾಸಿನಿಂದ ಮುಖ ಒರೆಸಿಕೊಂಡ. ದೋಸೆ ಹೊಯ್ಯುವವನ ಜೊತೆ ಎರಡು ಮಾತಾಡಿದ. ಆಮೇಲೆ ಅದೇ ಕಪ್ಪನ್ನು, ಅದೇ ಕಾಫಿಯನ್ನು, ಇನ್ನಷ್ಟು ಆರಿದ್ದನ್ನು ಎತ್ತಿಕೊಂಡು ಹೊರಟ.

"ಈಗ ನೋಡಿ ಅಕ್ಕ, ಬಿಸಿ ಉಂಟು."

ಅಕ್ಕ ಗುಟುಕರಿಸಿ, "ಹಾಂ, ಈಗ ಸರಿಯಾಯ್ತು," ಎಂದರು. ಐತ ಟ್ರೇ ಹಿಡಿದುಕೊಂಡು ಅಲ್ಲೇ ನಿಂತ. ಅವರ ಮಂಡಿನೋವು, ಅವನ ಅಳಿಯನ ಹೊಸ ಕೆಲಸ ಎಂದು ಕಪ್ಪು ಖಾಲಿಯಾಗುವವರೆಗೂ ಮಾತು ನಡೆಯಿತು. ನನಗೆ ನಗು ತಡೆಯಲಾಗಲಿಲ್ಲ.

"ಎಂತ ನಾಟಕ ಮಾರಾಯ ನಿನ್ನದು? ಆ ಮುದುಕಿಯದ್ದು ಎಂತ ನಾಟಕ?" ಎಂದು ಆಮೇಲೆ ಅವನನ್ನು ರೇಗಿಸಿದೆ.

"ಅವರು ಯಾವತ್ತಾದರೂ ಬೇರೆ ಹೋಟೆಲಿಗೆ ಹೋದದ್ದುಂಟಾ ಧಣಿ?" ಎಂದಷ್ಟೇ ಹೇಳಿ ಐತ ಮೇಜು ಒರೆಸಲು ಹೋದ.

ಮಳೆ ಮುಗಿದು ಅಕ್ಟೋಬರಿನ ಸೆಕೆ ಶುರುವಾಗುವ ತನಕ ನನ್ನ ಭಾನುವಾರಗಳು ಹೀಗೆಯೇ ನಡೆದವು. ಒಂದು ವಾರ ಕ್ಲಚ್ಚು ಗಟ್ಟಿ ಎಂದೆ. ಇನ್ನೊಂದು ವಾರ ತಿರುವಿನಲ್ಲಿ ಏನೋ ಎಳೆಯುತ್ತದೆ ಎಂದೆ. ಎಲ್ಲ ಮುಗಿದಾಗ ಮತ್ತೆ ಎಡಗಡೆಯ ಸದ್ದಿಗೆ ಬಂದೆ. ಗಾಡಿಯಲ್ಲಿ ಏನೂ ತಪ್ಪಿಲ್ಲ ಎಂದು ಸುಭಾಷ ಎರಡು ಸಲ ನೇರವಾಗಿ ಹೇಳಿದ. ನಾನು ಮುಖ ಊದಿಸಿಕೊಂಡೆ. ಆಮೇಲೆ ಅವನು ಹೇಳುವುದನ್ನು ಬಿಟ್ಟ. ಲ್ಯಾಪ್‌ಟಾಪ್ ತೆರೆದು, ಎರಡನೇ ಗಿಯರ್, ಹಿಡೀರಿ, ಬಿಡ್ರಿ ಎನ್ನುತ್ತಾ, ಏನೇನೋ ಕುಟ್ಟಿ, "ಈಗ ನೋಡ್ರಿ," ಎನ್ನುತ್ತಿದ್ದ. ನಿಜವಾಗಿಯೂ ಕಾರು ಸುಧಾರಿಸಿದಂತೆ ಅನಿಸುತ್ತಿತ್ತು. "ಹಾಂ, ಪರವಾಗಿಲ್ಲ. ಆದರೆ ಪೂರ್ತಿ ಅಲ್ಲ," ಎನ್ನುತ್ತಿದ್ದೆ. ನಡುವೆ ಇಡ್ಲಿ ತಿನ್ನುತ್ತಿದ್ದೆವು. ಮಗು ಹುಟ್ಟಿದರೆ ಚಾಳಿನ ಕೋಣೆ ಸಾಲದು, ಬೇರೆ ಮನೆ ನೋಡಬೇಕು ಎಂದು ಅವನು ಹೇಳಿದ. ಪ್ರಣೀತಾ ಹುಟ್ಟಿದ ದಿನ ಹೋಟೆಲಿನಲ್ಲಿ ಎಲ್ಲರಿಗೂ ಪಾಯಸ ಹಂಚಿದ್ದನ್ನು ನಾನು ಹೇಳಿದೆ. ಆ ಸಂಗತಿಯನ್ನು ಅಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅವತ್ತು ಒಂದು ಭಾನುವಾರ, ಅದೇ ರಸ್ತೆ. ಸುಭಾಷ ಕೀಲಿಮಣೆ ಕುಟ್ಟಿ, "ಈಗ ಒತ್ರಿ," ಎಂದ. ಒತ್ತಿದೆ. ಕಾರು ಹಾರಿತು. "ಈಗ ಸರಿಯಾಯ್ತು ನೋಡು. ಏನು ಬದಲಾಯಿಸಿದೆ?" ಎಂದು ಕೇಳುತ್ತಾ ಗಿಯರಿಗೆ ಕೈಯಿಟ್ಟವನಿಗೆ ಮೊಣಕಾಲಿಗೆ ಏನೋ ಕಡಿಮೆಯಾದಂತೆ ಅನಿಸಿತು. ಕೇಬಲು ತಾಗುತ್ತಿರಲಿಲ್ಲ. ಬಗ್ಗಿ ನೋಡಿದೆ. ಸ್ಟಿಯರಿಂಗಿನ ಕೆಳಗೆ ಏನೂ ಇರಲಿಲ್ಲ. ಕೇಬಲು ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಅವನ ಚೀಲದಲ್ಲಿತ್ತು. ಎಷ್ಟು ವಾರಗಳಿಂದ ಅದು ನನ್ನ ಕಾಲಿಗೆ ತಾಗಿಲ್ಲ ಎಂದು ನೆನಪಿಸಿಕೊಳ್ಳಲು ನೋಡಿದರೆ ನೆನಪಾಗಲಿಲ್ಲ.

ಅದೇ ಕಪ್ಪು. ಅದೇ ಕಾಫಿ.

ರಸ್ತೆಯ ಬದಿಗೆ ಕಾರು ನಿಲ್ಲಿಸಿದೆ. ಮೈಯೆಲ್ಲ ಉರಿಯಿತು.

"ನನ್ನನ್ನು ಮಂಗ ಮಾಡಿದೆಯಾ?"

ಸುಭಾಷ ಲ್ಯಾಪ್‌ಟಾಪ್ ಮುಚ್ಚಿದ. ಅವನ ಮುಖದಲ್ಲಿ ಸಿಕ್ಕಿಬಿದ್ದ ಗಾಬರಿಯೇನೂ ಇರಲಿಲ್ಲ. "ಗಾಡಿ ಯಾವಾಗೋ ಮುಗದೈತ್ರಿ ಸೇಠ್ರ. ಹೇಳಿದ್ನಿ, ನೀವು ಕೇಳಲಿಲ್ಲ."

"ಮತ್ತೆ ಯಾಕೆ ಬಂದೆ?"

"ನೀವು ಕರದ್ರಿ, ಬಂದೆ." ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿದ. "ನಿಮ್ಮ ಗಾಡಿಯಾಗ ಕೂತ್ರ ನನಗೂ ಒಂದೀಟು ಆರಾಮ ಅನಸ್ತಿತ್ತು. ಆದ್ರ ಇನ್ನ ಆಗಂಗಿಲ್ರಿ. ನಮ್ಮ ಮನಿಯಾಕಿಗೆ ದಿನ ತುಂಬ್ಯಾವ. ಮುಂದಿನ ರವಿವಾರದಿಂದ ಅಕಿನ್ನ ಬಿಟ್ಟು ಬರಾಕ ಆಗಂಗಿಲ್ಲ."

ಆಗ ನಾನು ಹೇಳಬೇಕಾದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾರು ಬಿಡು ಮಾರಾಯ, ನೀನು ಬಾ. ಬರಲಾಗದಿದ್ದರೆ ನಾನೇ ಬರುತ್ತೇನೆ, ಶಿವಕುಮಾರಿಗೆ ಚಟ್ನಿ ತರುತ್ತೇನೆ. ಅಷ್ಟೇ. ಅದೇನು ಸಂಸ್ಕೃತವೇ? ಆದರೆ ವರ್ಷಗಟ್ಟಲೆ ಹೊರಡುವವರನ್ನೇ ನೋಡಿದ ಬಾಯಿ ನನ್ನದು. ಎದುರಿಗಿದ್ದವರು ಎದ್ದರೆ ಅದಕ್ಕೆ ಬರುವುದು ಒಂದೇ ಮಾತು.

"ಬಿಲ್ಲು ಎಷ್ಟಾಯ್ತು?" ಎಂದೆ.

ಸುಭಾಷನ ಮುಖ ಬಾಡಿದ್ದನ್ನು ನಾನು ಮೊದಲ ಬಾರಿ ನೋಡಿದೆ. "ಬಿಲ್ ಯಾವಾಗೋ ಆಗೈತಲ್ರಿ," ಎಂದು ಮೆಲ್ಲಗೆ ಹೇಳಿ ಕೆಳಗಿಳಿದ. ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳ ತೆರೆದ ಸದ್ದು ಕೇಳಿತು. ಹೆಬ್ಬೆರಳಿನಿಂದ ಸ್ಟಿಕರನ್ನು ಒತ್ತಿ ಒತ್ತಿ ಅಂಟಿಸುವುದು ಕನ್ನಡಿಯಲ್ಲಿ ಕಂಡಿತು. ಸೇತುವೆ ದಾಟಿ ವಾಪಸು ಬಂದೆವು. ಪಾರ್ಸಲ್ ಬಿಚ್ಚಿರಲೇ ಇಲ್ಲ. ಬೈಕುಲ್ಲಾದಲ್ಲಿ ಇಳಿಯುವಾಗ ಅದನ್ನು ಅವನ ಕೈಗೆ ಕೊಡಬೇಕೆಂದುಕೊಂಡೆ; ಅಷ್ಟರಲ್ಲಿ ಹಿಂದಿನಿಂದ ಟೆಂಪೊದವನು ಹಾರ್ನ್ ಹೊಡೆಯಲು ಶುರುಮಾಡಿದ.

ಆ ಸಂಜೆ ನೀಲಾವತಿ ಅಕ್ಕ ಎಂದಿನಂತೆ ಮುಖ ಸಿಂಡರಿಸಿದರು. ಐತ ಬೇರೆ ಮೇಜಿನಲ್ಲಿದ್ದ. ನಾನು ಗಲ್ಲೆಯಿಂದ ಎದ್ದು ಹೋಗಿ, "ಕೊಡಿ ಅಕ್ಕ," ಎಂದು ಕಪ್ಪು ಎತ್ತಿಕೊಂಡೆ. ಹೋಟೆಲಿನವರೆಲ್ಲ ನನ್ನನ್ನೇ ನೋಡಿದರು. ಅಡುಗೆಮನೆಯ ಬಾಗಿಲ ತನಕ ಹೋಗಿ, ಹಾಗೆಯೇ ತಿರುಗಿ ಬಂದು, ಅದನ್ನೇ ಅವರ ಮುಂದೆ ಇಟ್ಟೆ. ಅಕ್ಕ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು.

"ನೀನು ಬೇಗ ತಂದೆ," ಎಂದರು. "ಐತ ಸ್ವಲ್ಪ ತಡ ಮಾಡ್ತಾನೆ."

ನಾನೂ ಐತನ ಹಾಗೆ ಅಲ್ಲೇ ನಿಂತೆ. ಅವರು ಕಾಫಿ ಹೀರುತ್ತಾ, "ನಿನ್ನ ಮಗಳು ಈಗ ಎಂತ ಓದುವುದು?" ಎಂದು ಕೇಳಿದರು. ಹೇಳಿದೆ. ಹೇಳುತ್ತಾ ಇದ್ದಂತೆ ಗಲ್ಲೆಯ ಎದುರು ಜನ ಸೇರಿದರು. ಹೋಗಬೇಕಾಯಿತು.

ಮುಂದಿನ ಭಾನುವಾರ ಬೇರೇನೂ ಮಾಡಲು ತೋಚದೆ ಒಬ್ಬನೇ ಉಲ್ವೆಗೆ ಹೋದೆ. ಎಡಗಡೆ ಸೀಟಿನಲ್ಲಿ ಇಡ್ಲಿ ಸಾಂಬಾರು, ಗೋಳಿಬಜೆಯ ಪಾರ್ಸಲ್, ಅದಕ್ಕೆ ಬೆಲ್ಟ್. ಎರಡನೇ ಗಿಯರ್ ಹಾಕಿ ಒತ್ತಿದೆ. ಕಾರು ಹಾರಿತು. ತಡವರಿಸಲಿಲ್ಲ, ಎಳೆಯಲಿಲ್ಲ, ಎಲ್ಲೂ ಒಂದು ಕಿರಿಕ್ ಎನ್ನಲಿಲ್ಲ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಿಸಿದೆ. ಏನಾದರೊಂದು ಕೆಟ್ಟಿರಲಿ ಎಂದು ಕಿವಿ ಇಟ್ಟು ಕೇಳಿದೆ. ಅಷ್ಟೊಂದು ಚೆನ್ನಾಗಿ ಓಡುವ ಕಾರಿನೊಳಗೆ ಕೂತು ನನಗೆ ಅಳು ಬಂತು.

ನಿಲ್ಲಿಸಿ ಫೋನ್ ಮಾಡಿದೆ. ತುಂಬ ಹೊತ್ತು ಬಡಿದುಕೊಂಡ ಮೇಲೆ ಎತ್ತಿದ.

"ಏನಾತ್ರಿ ಸೇಠ್ರ?"

"ಎಡಗಡೆ ಎಂತದೋ..." ಎಂದು ಬಾಯಿ ತಾನೇ ಶುರುಮಾಡಿತು. ಅದನ್ನು ಅಲ್ಲೇ ನಿಲ್ಲಿಸಿದೆ. "ಇಲ್ಲ. ಸದ್ದು ಇಲ್ಲ. ಗಾಡಿ ಚೆನ್ನಾಗಿ ಉಂಟು. ಏನೂ ಆಗಿಲ್ಲ."

"ಮತ್ತ ಯಾಕ ಫೋನ್ ಮಾಡೀರಿ?"

ಮೊದಲ ದಿನವೂ ಅವನು ನನ್ನನ್ನು ಕೇಳಿದ್ದು ಯಾಕೆ ಎಂದೇ. ಈ ಸಲ ಟ್ರ್ಯಾಕು ಗೀಕು ಎಂದು ಸುಳ್ಳು ಹೇಳಲಿಲ್ಲ.

"ಪಕ್ಕದಲ್ಲಿ ಯಾರೂ ಇಲ್ಲ ಮಾರಾಯ," ಎಂದೆ. "ಅದಕ್ಕೆ ಮಾಡಿದೆ."

ಆ ಕಡೆಯಿಂದ ಯಾರೋ ಯಾರನ್ನೋ ಕರೆಯುವ ದನಿ, ಸ್ಟ್ರೆಚರಿನ ಗಾಲಿಯ ಸದ್ದು ಕೇಳಿತು. ಆಸ್ಪತ್ರೆಯಲ್ಲಿದ್ದ. ಫೋನ್ ಇಟ್ಟುಬಿಡಬೇಕು ಎಂದುಕೊಂಡೆ. ಇಡಲಿಲ್ಲ. ಕಾದೆ.

"ನಸುಕಿನ್ಯಾಗ ಒಳಗ ಒಯ್ದಾರ್ರಿ," ಎಂದ ಸುಭಾಷ. ಅವನ ದನಿ ನನಗೆ ಗೊತ್ತಿದ್ದ ದನಿಯಾಗಿರಲಿಲ್ಲ. "ನನಗ ಒಳಗ ಬಿಡವಲ್ರು. ನಾನೂ ಇಲ್ಲಿ ಒಬ್ಬಾಂವನ ಕುಂತೀನಿ."

"ನಾನು ಬರ್ತೇನೆ. ಇಡ್ಲಿ ಉಂಟು. ಯಾವ ಆಸ್ಪತ್ರೆ?"

"ಇಲ್ಲೇ ನಿಮ್ಮ ಸಯನ್ನಿನ್ಯಾಗ," ಎಂದು ಹೆಸರು ಹೇಳಿದ. ನಮ್ಮ ಹೋಟೆಲಿನಿಂದ ನಡೆದು ಹೋಗುವಷ್ಟು ಹತ್ತಿರದ ಆಸ್ಪತ್ರೆ. ನಾನು ಸಮುದ್ರದ ಈಚೆ ಖಾಲಿ ರಸ್ತೆಯಲ್ಲಿ ಕೂತಿದ್ದೆ. "ಫೋನ್ ಇಡಬ್ಯಾಡ್ರಿ," ಎಂದ. "ಸ್ಪೀಕರಿಗೆ ಹಾಕಿ ಸೀಟಿನ ಮ್ಯಾಲೆ ಇಡ್ರಿ. ಗಾಡಿ ಸದ್ದರ ಕೇಳ್ತೀನಿ."

ಪಾರ್ಸಲಿನ ಬೆಲ್ಟ್ ಬಿಚ್ಚಿ, ಅದನ್ನು ಕೆಳಗೆ, ಕಾಲಿಡುವ ಜಾಗದಲ್ಲಿ ಇಟ್ಟೆ. ಸಾಂಬಾರು ಚೆಲ್ಲಿದರೆ ಚೆಲ್ಲಲಿ. ಎಡಗಡೆಯ ಸೀಟಿನ ನಡುವೆ ಫೋನನ್ನು ಇಟ್ಟೆ. ಅಷ್ಟು ಹಗುರದ್ದು ಕಾರಿನ ಗಮನಕ್ಕೇ ಬರಲಿಲ್ಲ. ಟಿಣ್ ಎನ್ನಲಿಲ್ಲ. ಅದರ ಲೆಕ್ಕದಲ್ಲಿ ಆ ಸೀಟು ಖಾಲಿಯೇ.

"ಹೊಂಟ್ರೇನ್ರಿ?" ಎಂದಿತು ಖಾಲಿ ಸೀಟು. "ಎರಡನೇ ಗಿಯರ್. ಹಿಡೀರಿ."

ಹಿಡಿದೆ.